ಚಾರ್ಜ್‌ಶೀಟ್ ಜೊತೆಗೆ ಇನ್ನೊಂದು ಪಟ್ಟಿ ಕೇಳಿ

ಪರಿಚಯದವರ ಮೇಲೆ ಎಫ್‌ಐಆರ್ ಆಯ್ತು ಅಂತ ಗೊತ್ತಾದ್ರೆ ನಾವು ಮೊದಲು ಮಾಡೋದು ಫೋನ್ ತೆಗೆದು ಅದರ ಪಿಡಿಎಫ್ ಹುಡುಕೋದು. ಬಸವನಗುಡಿ ಠಾಣೆಯಾಗಲಿ, ಮಲ್ಲೇಶ್ವರಂ ಠಾಣೆಯಾಗಲಿ, ಎಫ್‌ಐಆರ್ 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಬರಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಆದರೆ ಎಫ್‌ಐಆರ್ ಬರೀ ದೂರು. ಕೇಸಿನ ನಿಜವಾದ ತಿರುಳು ಇರೋದು ತನಿಖೆಯ ಕಾಗದಗಳಲ್ಲಿ.

ಅವು ಆರೋಪಿಗೆ ಸಿಗುತ್ತವಾ? ಬಹುಪಾಲು ಸಿಗುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೇ ಸೆಕ್ಷನ್ ಪ್ರಕಾರ, ಆರೋಪಿ ಕೋರ್ಟಿಗೆ ಹಾಜರಾದ 14 ದಿನದೊಳಗೆ ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆ, ದಾಖಲೆಗಳ ಪ್ರತಿ ಉಚಿತವಾಗಿ ಕೊಡಬೇಕು. ಎಲೆಕ್ಟ್ರಾನಿಕ್ ರೂಪದಲ್ಲಿ ಕೊಟ್ಟರೂ ನಡೆಯುತ್ತೆ. ತನಿಖಾಧಿಕಾರಿ ದಿನಾ ಬರೆಯೋ ಕೇಸ್ ಡೈರಿ ಮಾತ್ರ ಸಾಮಾನ್ಯವಾಗಿ ಸಿಗಲ್ಲ. ಅಧಿಕಾರಿ ಸಾಕ್ಷಿ ಹೇಳುವಾಗ ನೆನಪಿಗಾಗಿ ಅದನ್ನು ನೋಡಿಕೊಂಡರೆ, ಆ ಭಾಗದ ಬಗ್ಗೆ ಆರೋಪಿಯ ವಕೀಲರು ಪ್ರಶ್ನಿಸಬಹುದು.

ತೊಂದರೆ ಇರೋದು ಚಾರ್ಜ್‌ಶೀಟ್‌ಗೆ ಸೇರದೇ ಉಳಿದ ಕಾಗದಗಳಲ್ಲಿ. ಉದಾಹರಣೆಗೆ, ಚಾಮರಾಜಪೇಟೆಯಲ್ಲೊಂದು ಗಲಾಟೆ ಅಂದುಕೊಳ್ಳಿ. ಪೊಲೀಸರು ನಾಲ್ಕು ಅಂಗಡಿಗಳ ಸಿಸಿಟಿವಿ ತಗೊಂಡರು, ಚಾರ್ಜ್‌ಶೀಟ್‌ನಲ್ಲಿ ಬಂದಿದ್ದು ಒಂದು. ಮಿಕ್ಕ ಮೂರರಲ್ಲಿ ಏನಿತ್ತು? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಸಿಸ್ಟಂ ಕೆಟ್ಟಾಗ ರಿಪೋರ್ಟ್ ಬರೆದವರು ಅಂಟಿಸಿದ ನಾಲ್ಕು ಸಾಲು ಲಾಗ್ ನೋಡಿ ಯಾರನ್ನೂ ದೂರಲ್ಲ, ಪೂರ್ತಿ ಲಾಗ್ ಕೇಳ್ತೀವಿ. ಇಲ್ಲಿ ಪಣಕ್ಕಿರೋದು ಒಬ್ಬರ ಸ್ವಾತಂತ್ರ್ಯ.

ಈ ಪ್ರಶ್ನೆ ದೊಡ್ಡದಾಗಿ ಎದ್ದಿದ್ದು ನಮ್ಮ ಬೆಂಗಳೂರಿನಲ್ಲೇ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಚೆನ್ನೈನಿಂದ ಇಲ್ಲಿನ ವಿಶೇಷ ನ್ಯಾಯಾಲಯಕ್ಕೆ ವರ್ಗಾಯಿಸಿತ್ತು. ಪೊಲೀಸರು ಕೋರ್ಟಿಗೆ ಒಪ್ಪಿಸಿದ್ದ, ಆದರೆ ಸಾಕ್ಷ್ಯವಾಗಿ ಗುರುತಿಸದ ದಾಖಲೆಗಳನ್ನು ನೋಡಬೇಕು ಅಂತ ಸಹ ಆರೋಪಿ ಶಶಿಕಲಾ ಕೇಳಿದರು. 2012ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಶೀಲನೆಗೆ ಒಪ್ಪಿತು. ಆ ಕಾಗದ ಸಿಗದಿದ್ದರೆ ತನಗೆ ಅನ್ಯಾಯ ಆಗುತ್ತೋ ಇಲ್ಲವೋ ಅನ್ನೋದನ್ನು ಆರೋಪಿಯ ಕಣ್ಣಿನಿಂದ ನೋಡಬೇಕು ಅನ್ನೋದು ತೀರ್ಪಿನ ಸಾರ.

ಸರಿಯಾಗಿ ಎರಡು ವರ್ಷಕ್ಕೆ, 2014ರ ಸೆಪ್ಟೆಂಬರ್ 27ರಂದು, ಅದೇ ವಿಶೇಷ ನ್ಯಾಯಾಲಯ ಅವರನ್ನು ದೋಷಿ ಅಂತು. 2015ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿದರೂ 2017ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು. ಅಂದರೆ, ಕಾಗದ ತೋರಿಸಿದ ಮಾತ್ರಕ್ಕೆ ಯಾರೂ ತಪ್ಪಿಸಿಕೊಳ್ಳಲ್ಲ. ಮುಚ್ಚಿಟ್ಟರೆ ಮಾತ್ರ ಶಿಕ್ಷೆಯ ಮೇಲೂ ಅನುಮಾನ ಉಳಿಯುತ್ತೆ.

2022ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ಎಲ್ಲ ಕ್ರಿಮಿನಲ್ ವಿಚಾರಣೆಗಳಲ್ಲೂ ತನಿಖಾಧಿಕಾರಿ ಆಧಾರವಾಗಿ ಬಳಸದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನು ಪ್ರಾಸಿಕ್ಯೂಷನ್ ಆರೋಪಿಗೆ ಕೊಡಬೇಕು. ಏನೇನಿದೆ ಅಂತ ಗೊತ್ತಾದರೆ ತಾನೇ ಕೇಳೋಕೆ ಆಗೋದು!

ದೊಡ್ಡ ವಕೀಲರಿದ್ದವರು ಇದನ್ನೆಲ್ಲ ಕೇಳಿ ಪಡೀತಾರೆ. ಇಲ್ಲದವರಿಗೆ ಹೀಗೊಂದು ಪಟ್ಟಿ ಇದೆ ಅನ್ನೋದೇ ಗೊತ್ತಿರಲ್ಲ. ಹಾಗಾಗಿ ನಿಮ್ಮವರು ಯಾರಾದರೂ ಕೇಸಿನಲ್ಲಿ ಸಿಕ್ಕಿಕೊಂಡರೆ ವಕೀಲರನ್ನು ಎರಡು ಪ್ರಶ್ನೆ ಕೇಳಿ. ಚಾರ್ಜ್‌ಶೀಟ್ ಪ್ರತಿ ಪೂರ್ತಿ ಬಂತಾ? ಪೊಲೀಸರು ಬಳಸದೇ ಬಿಟ್ಟ ದಾಖಲೆಗಳ ಪಟ್ಟಿ ಬಂತಾ?