ಹಾಜರಿ ಪುಸ್ತಕದಲ್ಲಿ ಐದು ಫಾತಿಮಾ

ಕಳೆದ ತಿಂಗಳು ನಾನು ಅಜ್ಜಿಯಾದೆ. ಮಗಳು ಹೆರಿಗೆಗೆ ಬಂದಿದ್ದಳು, ಹೆಣ್ಣು ಮಗು. ಅಲ್ ಹಮ್ದುಲಿಲ್ಲಾಹ್, ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ. ಹೆಸರಿಡುವ ಏಳನೆಯ ದಿನ ಹತ್ತಿರ ಬಂದಂತೆ ಮನೆಯಲ್ಲಿ ಸಣ್ಣದೊಂದು ಜಗಳ ಶುರುವಾಯಿತು. ನನ್ನ ತೀರಿಹೋದ ಉಮ್ಮನ ಹೆಸರು ಫಾತಿಮಾ. ಮಗುವಿಗೆ ಅದೇ ಹೆಸರಿಡಬೇಕೆಂಬುದು ನನ್ನ ಆಸೆ. ಮಗಳು ಒಪ್ಪಲಿಲ್ಲ.

"ಬೇಡ ಉಮ್ಮ. ನನ್ನ ಕ್ಲಾಸಿನಲ್ಲಿ ಐದು ಫಾತಿಮಾ ಇದ್ದರು. ಟೀಚರ್ ಕರೆದರೆ ಐದು ಜನ ಎದ್ದು ನಿಲ್ಲುತ್ತಿದ್ದರು" ಎಂದಳು.

ಇದು ಬರೀ ಫ್ಯಾಶನ್ನಿನ ಮಾತಾಗಿದ್ದರೆ ನಾನು ಗದರಿ ಸುಮ್ಮನಾಗಿಸುತ್ತಿದ್ದೆ. ಆದರೆ ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಒಂದೇ ದಿನ ಬಂದ ಇಬ್ಬರು ಫಾತಿಮಾರ ರಿಪೋರ್ಟು ಅದಲು ಬದಲಾಗಿ, ಸಕ್ಕರೆ ಕಾಯಿಲೆ ಇಲ್ಲದವರೊಬ್ಬರು ಎರಡು ದಿನ ಕಣ್ಣೀರಿಟ್ಟದ್ದನ್ನು ಕಣ್ಣಾರೆ ಕಂಡವಳು. ಅವಳ ಮಾತಿನಲ್ಲಿ ಅರ್ಥವಿತ್ತು. ಹಾಗೆಂದು ನಾನೂ ಬಿಡುವವಳಲ್ಲ. ಬಾಣಂತಿಯ ಕೋಣೆಯಲ್ಲಿ ಕುಳಿತು ಮೂರು ರಾತ್ರಿ ಅವಳಿಗೆ ನಾನು ಹೇಳಿದ ಫಾತಿಮಾರ ಕಥೆಗಳೇ ಈ ತಿಂಗಳ ಅಂಕಣ.

ಮೊದಲು ಹೆಸರಿನ ಅರ್ಥ. ಅರಬಿಯಲ್ಲಿ ಮಗುವಿಗೆ ಹಾಲು ಬಿಡಿಸುವುದಕ್ಕೆ ಬಳಸುವ ಧಾತುವಿನಿಂದ ಹುಟ್ಟಿದ ಹೆಸರು ಇದು. ಇದನ್ನು ಮನೆ ಮನೆಯ ಹೆಸರಾಗಿಸಿದವರು ಪ್ರವಾದಿ ಮುಹಮ್ಮದ್(ಸ)ರ ಪುತ್ರಿ ಫಾತಿಮಾ(ರ) ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಬೀಸುಕಲ್ಲು ತಿರುವಿ ಅಂಗೈ ನೋಯುತ್ತಿದ್ದಾಗ, ಮನೆಗೆಲಸಕ್ಕೆ ಒಬ್ಬರು ಸಹಾಯಕರು ಸಿಗಬಹುದೇ ಎಂದು ಅವರು ತಂದೆಯನ್ನು ಕೇಳಲು ಹೋದ ಘಟನೆ ಬುಖಾರಿಯಲ್ಲಿದೆ. ಅದಕ್ಕಿಂತ ಉತ್ತಮವಾದುದೆಂದು ಅವರಿಗೆ ಸಿಕ್ಕಿದ್ದು ಮಲಗುವ ಮುಂಚಿನ ತಸ್ಬೀಹ್. ನನ್ನ ಉಮ್ಮ ಬೀಡಿ ಕಟ್ಟುತ್ತಿದ್ದವರು. ದಿನವಿಡೀ ಎಲೆ ಸುತ್ತಿ ಬಿರುಕು ಬಿಟ್ಟ ಬೆರಳುಗಳಲ್ಲೇ ರಾತ್ರಿ 33, 33, 34 ಎಂದು ಎಣಿಸುತ್ತಿದ್ದರು. ನನಗೆ ಆ ಹೆಸರಿನ ಮೇಲಿರುವ ಮೋಹಕ್ಕೆ ಅರ್ಧ ಕಾರಣ ಅದೇ.

ಮಗಳಿಗೆ ನಾನು ಮೊದಲು ಹೇಳಿದ್ದು ನಮ್ಮ ಪಕ್ಕದ ಕೇರಳದ ಫಾತಿಮಾ ಬೀವಿಯವರ ಕಥೆ. ಪತ್ತನಂತಿಟ್ಟದಲ್ಲಿ 1927ರಲ್ಲಿ ಹುಟ್ಟಿದವರು. ಕಾನೂನು ಓದು ಎಂದು ಒತ್ತಾಯಿಸಿದ್ದು ಅವರ ತಂದೆ. ಆ ಕಾಲದಲ್ಲಿ ತಿರುವಾಂಕೂರಿನಲ್ಲಿ ಅನ್ನಾ ಚಾಂಡಿ ಎಂಬ ಮಹಿಳೆ ನ್ಯಾಯಾಧೀಶೆಯಾಗಿ ಹೆಸರು ಮಾಡಿದ್ದರು. ಮಗಳೂ ಹಾಗಾಗಲಿ ಎಂಬುದು ಅಪ್ಪನ ಕನಸು. 1950ರಲ್ಲಿ ವಕೀಲೆಯಾಗಿ ನೋಂದಾಯಿಸಿಕೊಂಡ ಫಾತಿಮಾ ಬೀವಿ 1958ರಲ್ಲಿ ಮುನ್ಸೀಫ್ ಆದರು. ಗಮನಿಸಿ, ಅತ್ಯಂತ ಕೆಳಗಿನ ಮೆಟ್ಟಿಲು ಅದು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ 1974ರಲ್ಲಿ ಜಿಲ್ಲಾ ನ್ಯಾಯಾಧೀಶೆ, 1983ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ. 1989ರ ಏಪ್ರಿಲ್‌ನಲ್ಲಿ ಹೈಕೋರ್ಟಿನಿಂದ ನಿವೃತ್ತರಾದರು. ನಿವೃತ್ತಿಯಾದ ಹೆಂಗಸು ಇನ್ನು ಮನೆಯಲ್ಲಿ ಕುಳಿತು ಉಪ್ಪಿನಕಾಯಿ ಹಾಕಬಹುದು ಎಂದುಕೊಂಡರೆ, ಅದೇ ವರ್ಷ ಅಕ್ಟೋಬರ್ 6ರಂದು ಅವರು ಸುಪ್ರೀಂ ಕೋರ್ಟಿನ ಪೀಠದಲ್ಲಿ ಕುಳಿತರು. ಸುಪ್ರೀಂ ಕೋರ್ಟ್ ಶುರುವಾಗಿ ಸುಮಾರು 40 ವರ್ಷಗಳ ಬಳಿಕ ಅಲ್ಲಿಗೆ ಬಂದ ಮೊದಲ ಮಹಿಳೆ ಒಬ್ಬ ಫಾತಿಮಾ!

1997ರಲ್ಲಿ ಅವರು ತಮಿಳುನಾಡಿನ ರಾಜ್ಯಪಾಲರಾದರು. 2001ರಲ್ಲಿ, ಚುನಾವಣೆಗೆ ಸ್ಪರ್ಧಿಸಲು ಅನರ್ಹರಾಗಿದ್ದ ಜಯಲಲಿತಾರಿಗೆ ಮುಖ್ಯಮಂತ್ರಿಯ ಪ್ರಮಾಣವಚನ ಬೋಧಿಸಿದ್ದು ದೊಡ್ಡ ವಿವಾದವಾಯಿತು. ಅದೇ ವರ್ಷ ರಾಜೀನಾಮೆ ಕೊಟ್ಟು ಊರಿಗೆ ಮರಳಿದರು. ಜಯಲಲಿತಾರ ಆ ನೇಮಕವನ್ನು ಬಳಿಕ ಸುಪ್ರೀಂ ಕೋರ್ಟೇ ಅಸಿಂಧುಗೊಳಿಸಿತು. ತಾನು ಕುಳಿತಿದ್ದ ಕೋರ್ಟಿನಿಂದಲೇ ಅಂಥ ತೀರ್ಪು ಕೇಳುವುದು ಹೇಗಿದ್ದಿರಬಹುದು? ನನಗೆ ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗಿಲ್ಲ, ಆದರೆ ಕಥೆ ಹೇಳುವಾಗ ಅದನ್ನು ಬಿಟ್ಟು ಹೇಳುವುದು ಸರಿಯಲ್ಲ. 2023ರ ನವೆಂಬರ್‌ನಲ್ಲಿ, 96ನೆಯ ವಯಸ್ಸಿನಲ್ಲಿ ಅವರು ತೀರಿಹೋದರು. ಮರುವರ್ಷ ಮರಣೋತ್ತರವಾಗಿ ಪದ್ಮಭೂಷಣ ಘೋಷಣೆಯಾಯಿತು.

"ಅವರು ಜಡ್ಜ್. ನಮ್ಮ ಮಗು ಜಡ್ಜ್ ಆಗುತ್ತದೆಂದು ಯಾರಿಗೆ ಗೊತ್ತು?" ಎಂದಳು ಮಗಳು.

ಸರಿ, ಹಾಗಾದರೆ ಆಟಗಾರ್ತಿಯ ಕಥೆ ಕೇಳು ಎಂದೆ.

ಲಂಡನ್ನಿನಲ್ಲಿ 1961ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ತಾಯಿ ತಂದೆ ಸೈಪ್ರಸ್ ದ್ವೀಪದ ಮೂಲದವರು. ಕೂಸನ್ನು ಮನೆಯೊಂದರಲ್ಲಿ ಒಂಟಿಯಾಗಿ ಬಿಟ್ಟು ಹೋಗಿದ್ದರು. ಆ ಮಗು ಬದುಕಿ ಅನಾಥ ಮಕ್ಕಳ ಆಶ್ರಯಗಳಲ್ಲಿ ಬೆಳೆಯಿತು. ಹದಿಹರೆಯಕ್ಕೆ ಬರುವಾಗ ಕ್ರೀಡಾಂಗಣದಲ್ಲಿ ಮಾರ್ಗರೆಟ್ ವಿಟ್‌ಬ್ರೆಡ್ ಎಂಬ ಜಾವೆಲಿನ್ ತರಬೇತುದಾರರ ಪರಿಚಯವಾಯಿತು. ಅವರೇ ಹುಡುಗಿಯನ್ನು ಮನೆಗೆ ಕರೆತಂದು ದತ್ತು ಪಡೆದರು. ಹೊಸ ಮನೆತನದ ಹೆಸರು ಸೇರಿತು. ಹಳೆಯದರಲ್ಲಿ ಫಾತಿಮಾ ಮಾತ್ರ ಹಾಗೆಯೇ ಉಳಿಯಿತು. ಫಾತಿಮಾ ವಿಟ್‌ಬ್ರೆಡ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 1986ರಲ್ಲಿ ಸ್ಟುಟ್‌ಗಾರ್ಟ್‌ನ ಯುರೋಪಿಯನ್ ಕೂಟದಲ್ಲಿ 77.44 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. ಅದೂ ಫೈನಲಿನಲ್ಲಲ್ಲ, ಅರ್ಹತಾ ಸುತ್ತಿನಲ್ಲಿ! ಮರುವರ್ಷ ರೋಮ್‌ನಲ್ಲಿ ವಿಶ್ವ ಚಾಂಪಿಯನ್, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ತನ್ನಂತೆ ಆಶ್ರಯಗಳಲ್ಲಿ ಬೆಳೆಯುವ ಮಕ್ಕಳಿಗಾಗಿ ಆಮೇಲೆ ಅವರು ದನಿಯೆತ್ತಿದ್ದಾರೆ.

ಈ ಕಥೆ ಹೇಳುವಾಗ ಮಗಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಬಿಟ್ಟುಹೋದ ಕೂಸಿನ ಮಾತು ಬಂದಾಗ ಏನೂ ಹೇಳದೆ ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಇನ್ನು ಹಳೆಯ ಕಾಲದ ಫಾತಿಮಾ ಅಲ್ ಫಿಹ್ರಿ. ಕೈರುವಾನಿನಿಂದ ಮೊರೊಕ್ಕೋದ ಫೆಸ್ ನಗರಕ್ಕೆ ಬಂದ ವರ್ತಕನ ಮಗಳು. ತಂದೆಯಿಂದ ಬಂದ ಆಸ್ತಿಯನ್ನೆಲ್ಲ ಹಾಕಿ 859ರಲ್ಲಿ ಖರವಿಯ್ಯೀನ್ ಮಸೀದಿ ಕಟ್ಟಿಸಿದರು. ಅದು ಬೆಳೆದು ದೊಡ್ಡ ವಿದ್ಯಾಕೇಂದ್ರವಾಗಿ ಇಂದಿಗೂ ವಿಶ್ವವಿದ್ಯಾನಿಲಯವಾಗಿ ನಡೆಯುತ್ತಿದೆ. ಅವರ ಕಥೆ ನಮಗೆ ಸಿಗುವುದು ಐದು ಶತಮಾನಗಳ ನಂತರ ಇಬ್ನ್ ಅಬೀ ಝರ್ಅ್ ಬರೆದ ಇತಿಹಾಸದಲ್ಲಿ. ಆದ್ದರಿಂದ ಕೆಲವು ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅದೇ ಫೆಸ್‌ನಲ್ಲಿ 1940ರಲ್ಲಿ ಇನ್ನೊಬ್ಬ ಫಾತಿಮಾ ಹುಟ್ಟಿದರು, ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ. ಅವರ ವಾದಗಳಲ್ಲಿ ನನಗೆ ಒಪ್ಪಿಗೆಯಾಗದವು ಬಹಳ ಇವೆ. ಆದರೂ ದೊಡ್ಡ ಕೂಡುಕುಟುಂಬದ ಅಂಗಳದೊಳಗೆ ಕಳೆದ ತಮ್ಮ ಬಾಲ್ಯದ ಬಗ್ಗೆ 1994ರಲ್ಲಿ ಅವರು ತಂದ ಪುಸ್ತಕ ಓದಿದರೆ ನಮ್ಮ ಹಳೆಯ ತರವಾಡು ಮನೆಗಳೇ ನೆನಪಾಗುತ್ತವೆ. 2015ರಲ್ಲಿ ಅವರು ನಿಧನರಾದರು.

ಫಾತಿಮಾ ಜಿನ್ನಾರನ್ನು ರಾಜಕಾರಣಿಯೆಂದೇ ಎಲ್ಲರೂ ಬಲ್ಲರು. ಅವರು ಕಲ್ಕತ್ತೆಯಲ್ಲಿ ಓದಿದ ಹಲ್ಲಿನ ಡಾಕ್ಟರು, 1923ರಲ್ಲಿ ಮುಂಬೈಯಲ್ಲಿ ಸ್ವಂತ ಕ್ಲಿನಿಕ್ ತೆರೆದಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು? ಅಣ್ಣನ ಹೆಂಡತಿ ತೀರಿಕೊಂಡ ಮೇಲೆ ಕ್ಲಿನಿಕ್ ಮುಚ್ಚಿ ಅಣ್ಣನ ಮನೆ ನೋಡಿಕೊಳ್ಳಲು ಹೋದರು. 1965ರ ಜನವರಿಯಲ್ಲಿ, 71ನೆಯ ವಯಸ್ಸಿನಲ್ಲಿ, ಪಾಕಿಸ್ತಾನದ ಅಧ್ಯಕ್ಷ ಪದವಿಗೆ ಅಯೂಬ್ ಖಾನ್ ವಿರುದ್ಧ ನಿಂತು ಸೋತರು. ನಮ್ಮ ಕಲಬುರಗಿಯ ಕನೀಝ್ ಫಾತಿಮಾ ಅವರೂ ರಾಜಕೀಯದವರೇ. ಪತಿ ಖಮರುಲ್ ಇಸ್ಲಾಮ್ ತೀರಿಹೋದ ಬಳಿಕ 2018ರಲ್ಲಿ ಕಲಬುರಗಿ ಉತ್ತರದಿಂದ ವಿಧಾನಸಭೆಗೆ ಗೆದ್ದರು, 2023ರಲ್ಲಿ ಪುನಃ ಗೆದ್ದರು.

ಕೊನೆಯ ರಾತ್ರಿ ಹೇಳಿದ್ದು ಪುಣೆಯ ಫಾತಿಮಾ ಶೇಖ್‌ರ ಕಥೆ. ಕಥೆಯೆನ್ನಲು ಅದರಲ್ಲಿ ಹೆಚ್ಚೇನಿಲ್ಲ. ಸಾವಿತ್ರಿಬಾಯಿ ಫುಲೆ ಹೆಣ್ಣು ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರ ಜೊತೆಗಿದ್ದ ಫಾತಿಮಾ. ಅವರ ಬದುಕಿನ ಬಗ್ಗೆ ಹಲವು ಸಂಗತಿಗಳು ಇತ್ತೀಚೆಗೆ ಹರಡಿವೆ, ಹೆಚ್ಚಿನವಕ್ಕೆ ದಾಖಲೆಯಿಲ್ಲ. ಇರುವ ದಾಖಲೆಯೆಂದರೆ ಸಾವಿತ್ರಿಬಾಯಿ 1856ರಲ್ಲಿ ತವರಿನಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಪತಿಗೆ ಬರೆದ ಪತ್ರ. ನಾನಿಲ್ಲದೆ ಫಾತಿಮಾಳಿಗೆ ಕಷ್ಟವಾಗುತ್ತಿರಬೇಕು, ಆದರೂ ಅವಳು ಗೊಣಗುವವಳಲ್ಲ ಎಂಬರ್ಥದ ಮಾತು ಅದರಲ್ಲಿದೆ. ಅಷ್ಟೇ. ಸಂಬಂಧಿಕರ ಹೆಸರಿಲ್ಲ, ಊರಿನ ವಿಳಾಸವಿಲ್ಲ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಯೂ ಹಾಗೇ ಅಲ್ವಾ ಉಮ್ಮ?" ಎಂದಳು.

ಹೌದು, ಹಾಗೆಯೇ. ನನ್ನ ಉಮ್ಮನ ವಿಷಯದಲ್ಲಿ ಸಮಸ್ಯೆ ತಿರುಗುಮುರುಗು. ಒಂದೇ ಹೆಸರಿನ ಹಲವರಲ್ಲ, ಒಬ್ಬರಿಗೇ ಹಲವು ಹೆಸರು. ರೇಶನ್ ಕಾರ್ಡಿನಲ್ಲಿ ಪಾತುಮ್ಮ. ವೋಟರ್ ಕಾರ್ಡಿನಲ್ಲಿ ಫಾತಿಮಾ ಬಿ. ಬ್ಯಾಂಕಿನ ಪುಸ್ತಕದಲ್ಲಿ ಪಾತಿಮ. ಬರೆದವರೆಲ್ಲ ತಮಗೆ ಕೇಳಿಸಿದಂತೆ ಬರೆದರು, ಓದಲು ಬಾರದ ಉಮ್ಮ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತಿದರು. ಬಾಪ ತೀರಿಹೋದ ಮೇಲೆ ವಿಧವಾ ವೇತನಕ್ಕೆ ಅರ್ಜಿ ಹಾಕಿದಾಗ ಕಚೇರಿಯಲ್ಲಿ ಕೇಳಿದರು: ಈ ಮೂವರಲ್ಲಿ ನೀವು ಯಾರು? ಮೂರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಮತ್ತೆ ಮತ್ತೆ ಅಲೆದು, ಮೊದಲ ಹಣ ಕೈಗೆ ಬರುವಾಗ ಹದಿನಾಲ್ಕು ತಿಂಗಳಾಗಿತ್ತು. ಉಮ್ಮ ಗೊಣಗಲಿಲ್ಲ. ಗೊಣಗಬೇಕಿತ್ತು ಎಂದು ನನಗೆ ಈಗ ಅನಿಸುತ್ತದೆ.

ಮರುದಿನ ಬೆಳಿಗ್ಗೆ ಮಗಳು ತನ್ನ ಷರತ್ತು ಹೇಳಿದಳು. ಫಾತಿಮಾ ಇರಲಿ, ಆದರೆ ಜೊತೆಗೆ ಇನ್ನೊಂದು ಹೆಸರು ಸೇರಬೇಕು, ಲ್ಯಾಬಿನಲ್ಲಿ ಗೊಂದಲವಾಗಬಾರದು. ಮತ್ತು ಜನನ ಪ್ರಮಾಣಪತ್ರದಿಂದ ಹಿಡಿದು ಎಲ್ಲ ಕಡೆಯೂ ಒಂದೇ ಕಾಗುಣಿತ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಅಳಿಯನಿಗೂ ಫೋನ್ ಮಾಡಿ ಒಪ್ಪಿಸಿದಳು. (ಓದುಗ ಸಹೋದರಿಯರಿಗೊಂದು ಮಾತು: ಜನನ ನೋಂದಣಿಯ ಸಮಯದಲ್ಲಿ ಹೆಸರು ನಿರ್ಧಾರವಾಗಿರದಿದ್ದರೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅವಸರದಲ್ಲಿ ಆಸ್ಪತ್ರೆಯ ಫಾರ್ಮಿನಲ್ಲಿ ಏನಾದರೂ ಬರೆಸಬೇಡಿ.)

ಈಗ ಹೊಸ ಚರ್ಚೆ. ಇಂಗ್ಲಿಷಿನಲ್ಲಿ 'ಟಿ' ಆದ ಮೇಲೆ 'ಹೆಚ್' ಬೇಕೋ ಬೇಡವೋ? ನ್ಯಾಯಮೂರ್ತಿ ಫಾತಿಮಾ ಬೀವಿಯವರಿಗೆ 'ಹೆಚ್' ಇದೆ, ವಿಟ್‌ಬ್ರೆಡ್‌ಗೆ ಇಲ್ಲ. ಅಳಿಯ ಬೇಕು ಎನ್ನುತ್ತಾನೆ, ಮಗಳು ಬೇಡ ಎನ್ನುತ್ತಾಳೆ. ಅಕೀಕಾ ಮುಗಿದು ಎರಡು ವಾರವಾಯಿತು. ಫಾರ್ಮ್ ಇನ್ನೂ ಕುರ್‌ಆನಿನ ಕಪಾಟಿನ ಕೆಳಗಿನ ಡ್ರಾಯರಿನಲ್ಲಿದೆ, ಉಮ್ಮನ ಹಳೆಯ ಅಫಿಡವಿಟ್ಟಿನ ಪಕ್ಕದಲ್ಲಿ.