ಕೈಗೊಗ್ಗುವ ಭಾರ

ಮನುಷ್ಯನು ಭಾರವನ್ನೆತ್ತುವುದು ಎರಡು ಕಾರಣಗಳಿಗಾಗಿ: ಒಂದು ಹೊಟ್ಟೆಪಾಡಿಗೆ, ಇನ್ನೊಂದು ಮೈಕಟ್ಟಿಗೆ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರಲ್ಲಿ ಅನೇಕರು ಮೊದಲನೆಯ ಕಾರಣಕ್ಕಾಗಿ ಗೋಣಿಚೀಲ, ಹಂಡೆ, ಸಿಲಿಂಡರುಗಳನ್ನು ಎತ್ತಿದವರು. ಅವರ ಮಕ್ಕಳು ಈಗ ಸಂಜೆಯ ಹೊತ್ತು ಜೋಗೇಶ್ವರಿಯ ವ್ಯಾಯಾಮಶಾಲೆಗಳಲ್ಲಿ ಎರಡನೆಯ ಕಾರಣಕ್ಕಾಗಿ ಭಾರವೆತ್ತತೊಡಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಆ ಭಾರವನ್ನು ತಯಾರಿಸುವವರು ಎತ್ತುವವನ ಕೈಯನ್ನು ನೆನೆಯುತ್ತಿರುವರೇ ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ನಮ್ಮ ವಿದ್ಯಾರ್ಥಿಯೊಬ್ಬನು ಕಳೆದ ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಮೂರು ವಾರ ತರಗತಿಗೆ ಕುಂಟುತ್ತ ಬಂದನು. ಅವನಿಗೆ ಪೆಟ್ಟಾದುದು ಭಾರವೆತ್ತುವಾಗ ಅಲ್ಲ; ಎತ್ತಿ ಮುಗಿಸಿ, ರಾಡಿನಿಂದ ಕಬ್ಬಿಣದ ಪ್ಲೇಟನ್ನು ಕಳಚಿ ಗೋಡೆಗೆ ಒರಗಿಸಲು ಒಯ್ಯುವಾಗ. ಬೆವರಿದ ಕೈಯಿಂದ ಪ್ಲೇಟು ಜಾರಿತು. ಹುಡುಗನು ಅಜಾಗರೂಕನೆಂದು ಎಲ್ಲರೂ ಅವನನ್ನೇ ಬೈದರು. ಇನ್ನು ಆ ಕಡೆ ತಲೆಹಾಕಕೂಡದೆಂದು ಮನೆಯಲ್ಲಿ ಆಜ್ಞೆಯಾಯಿತು. ಪ್ಲೇಟನ್ನು ಮಾತ್ರ ಯಾರೂ ವಿಚಾರಣೆಗೆ ಕರೆಯಲಿಲ್ಲ. ಅದನ್ನು ಕರೆಯುವುದೇ ನಮ್ಮ ಉದ್ದೇಶ.

"ಕುಣಿಯಲಾರದವಳು ನೆಲ ಡೊಂಕೆಂದಳು" ಎಂಬ ಗಾದೆಯನ್ನು ಕೆಲವರು ನಮ್ಮ ಮುಂದಿಡಬಹುದು. ಗಾದೆ ನಿಜವೇ. ಆದರೆ ಒಮ್ಮೊಮ್ಮೆ ನೆಲವೂ ಡೊಂಕಾಗಿರುತ್ತದೆ. ಹಾಗಿರುವಾಗ ಕುಣಿಯುವವಳನ್ನು ದೂರುವುದು ನ್ಯಾಯವಲ್ಲ.

ಸಾಮಾನ್ಯವಾದ ಎರಕದ ಪ್ಲೇಟನ್ನು ಒಮ್ಮೆ ಗಮನಿಸಿರಿ. ಅದು ದುಂಡನೆಯ ಬಿಲ್ಲೆ. ನಡುವೆ ರಾಡು ತೂರುವ ತೂತೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ನೆಲದ ಮೇಲೆ ಮಲಗಿಸಿದರೆ ಅದರಡಿಗೆ ಬೆರಳು ಹೋಗದು. ಉಗುರಿನಿಂದ ಕೆದಕಿ ಎಬ್ಬಿಸಬೇಕು. ಎಬ್ಬಿಸಿದ ಮೇಲೆ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳುಗಳು ಇನ್ನೊಂದು ಕಡೆಯಾಗಿ ಚಿವುಟಿ ಹಿಡಿಯಬೇಕು. ಚಿವುಟಿದ ಹಿಡಿತದ ಬಲವು ಮುಷ್ಟಿಯ ಹಿಡಿತದ ಬಲಕ್ಕಿಂತ ಬಹಳ ಕಡಿಮೆ. ಬಸ್ಸಿನ ಕಂಬಿಯನ್ನು ಮುಷ್ಟಿಯಲ್ಲಿ ಹಿಡಿದು ಜೋತು ಬೀಳುವ ನೀವು, ಅದನ್ನೇ ಎರಡು ಬೆರಳುಗಳಿಂದ ಚಿವುಟಿ ಹಿಡಿದು ಎಷ್ಟು ಹೊತ್ತು ನಿಲ್ಲಬಲ್ಲಿರಿ? ಇದಕ್ಕೆ ಮುಂಬಯಿಯ ಬೆವರು, ಮಳೆಗಾಲದ ತೇವ, ಕಬ್ಬಿಣದ ತುಕ್ಕು ಸೇರಿದರೆ ಅನಾಹುತವಾಗದಿರುವುದೇ ಆಶ್ಚರ್ಯ.

ನಮ್ಮ ಹಿರಿಯರು ಈ ತಪ್ಪನ್ನು ಮಾಡಲಿಲ್ಲ. ಒನಕೆಯ ನಡುವನ್ನು ಮುಷ್ಟಿಗೆ ಸರಿಯಾಗಿ ಸಣ್ಣಗೆ ಮಾಡಿದರು. ಕೊಪ್ಪರಿಗೆಗೆ ಕಿವಿಯನ್ನಿಟ್ಟರು. ಬೀಸುವ ಕಲ್ಲಿಗೆ ಗೂಟವನ್ನು ನೆಟ್ಟರು. ಅಖಾಡಗಳಲ್ಲಿ ಎತ್ತುವ 'ನಾಲ್' ಎಂಬ ಕಲ್ಲನ್ನು ಟೊಳ್ಳಾಗಿ ಕೊರೆದು, ಒಳಗೆ ಕೈ ಹಿಡಿಯುವಷ್ಟು ಹಿಡಿಯನ್ನು ಉಳಿಸಿದರು. ಭಾರವು ಪೈಲವಾನನ ತೋಳನ್ನು ಪರೀಕ್ಷಿಸಲಿ, ಅವನ ಬೆರಳನ್ನು ಜಜ್ಜದಿರಲಿ ಎಂಬ ವಿವೇಕ ಅವರಿಗಿತ್ತು. ಕಿವಿಯಿಲ್ಲದ ಕೊಪ್ಪರಿಗೆಯನ್ನು ನಮ್ಮ ಅಡಿಗೆಯವರು ಕೈಯಿಂದಲೂ ಮುಟ್ಟರು. ಕಿವಿಯಿಲ್ಲದ ಪ್ಲೇಟನ್ನು ನಮ್ಮ ಮಕ್ಕಳು ಏಕೆ ಮುಟ್ಟಬೇಕು?

ಇದಕ್ಕೆ ಪರಿಹಾರವು ಕಠಿಣವಲ್ಲ. ಅಂಚಿನ ಸಮೀಪದಲ್ಲಿ ಕೈ ತೂರುವಂತಹ ಮೂರು ರಂಧ್ರಗಳನ್ನು ಇಟ್ಟರೆ ಪ್ಲೇಟು ಯಾವ ಮಗ್ಗುಲಿಗೆ ತಿರುಗಿದರೂ ಒಂದಾದರೂ ಕೈಗೆ ಸಿಗುವುದು. ಇಂತಹ ಪ್ಲೇಟುಗಳು ಪೇಟೆಯಲ್ಲಿ ಇಲ್ಲದಿಲ್ಲ. ಆದರೆ ರಂಧ್ರವಿದ್ದ ಮಾತ್ರಕ್ಕೆ ಸಾಲದು, ಅದರ ಅಳತೆಯೂ ಸರಿಯಾಗಿರಬೇಕು. ಅಮೆರಿಕದ ಸರಕಾರದ ಕಾರ್ಮಿಕ ಆರೋಗ್ಯ ಸಂಸ್ಥೆಯು 1994ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಭಾರದ ಪೆಟ್ಟಿಗೆಗಳಿಗೆ ಕೈ ಹಾಕುವ ರಂಧ್ರವು 11.5 ಸೆಂಟಿಮೀಟರು ಉದ್ದ, 3.8 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಎತ್ತರ ಇರಬೇಕೆಂದೂ, ಹಿಡಿಯುವ ಜಾಗವು ನುಣುಪಾಗಿದ್ದರೂ ಜಾರಬಾರದೆಂದೂ ಹೇಳಿದೆ. ಪ್ಲೇಟಿಗೂ ಈ ಅಳತೆ ಒಪ್ಪುವುದು. ಕೈ ಅದೇ ತಾನೆ?

ರಂಧ್ರ ಕೊರೆದರೆ ತೂಕ ಕಡಿಮೆಯಾಗುವುದಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಬೀಡುಕಬ್ಬಿಣವು ಒಂದು ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ ತೂಗುತ್ತದೆ. ಆದುದರಿಂದ 20 ಕಿಲೋಗ್ರಾಂ ಪ್ಲೇಟಿಗೆ ಸುಮಾರು 2,778 ಘನ ಸೆಂಟಿಮೀಟರು ಕಬ್ಬಿಣ ಬೇಕು. ವ್ಯಾಸ 45 ಸೆಂಟಿಮೀಟರು, ನಡುವಣ ತೂತು 5 ಸೆಂಟಿಮೀಟರು ಎಂದರೆ, ಸಮತಟ್ಟಾದ ಬಿಲ್ಲೆಯ ದಪ್ಪ ಸುಮಾರು 17.7 ಮಿಲಿಮೀಟರು ಆಗುವುದು. 12 ಸೆಂಟಿಮೀಟರು ಉದ್ದ, 4 ಸೆಂಟಿಮೀಟರು ಎತ್ತರದ, ಮೂಲೆ ದುಂಡಾದ ಮೂರು ರಂಧ್ರಗಳನ್ನು ಬಿಟ್ಟರೆ ದಪ್ಪ ಸುಮಾರು 19.4 ಮಿಲಿಮೀಟರು ಆಗಬೇಕು. ವ್ಯತ್ಯಾಸ ಎರಡು ಮಿಲಿಮೀಟರಿಗಿಂತಲೂ ಕಡಿಮೆ! ಕಬ್ಬಿಣವೂ ಅಷ್ಟೇ, ತೂಕವೂ ಅಷ್ಟೇ. ಗಣಿತದ ಪುಸ್ತಕದಲ್ಲಿ ವೃತ್ತದ ಕ್ಷೇತ್ರಫಲವನ್ನು ಬಾಯಿಪಾಠ ಮಾಡುವ ನಮ್ಮ ಮಕ್ಕಳು ಅದು ಒಂದು ಬೆರಳನ್ನು ಉಳಿಸಬಲ್ಲುದೆಂದು ತಿಳಿಯಲಿ.

ಇನ್ನು ಅಂಚಿನ ಮಾತು. ಬೆಳಗಾವಿಯು ಎರಕದ ಕಾರಖಾನೆಗಳಿಗೆ ಹೆಸರಾದ ಊರು. ಆ ಕಡೆಯಿಂದ ಬಂದ ಮಕ್ಕಳಿಗೆ ಈ ಕೆಲಸದ ಪರಿಚಯವಿರಬಹುದು. ಮರಳಿನ ಅಚ್ಚಿನ ಎರಡು ಭಾಗಗಳು ಕೂಡುವ ಸಂದಿನಲ್ಲಿ ಕರಗಿದ ಕಬ್ಬಿಣವು ತೆಳ್ಳಗೆ ನುಸುಳಿ ಗಟ್ಟಿಯಾಗುತ್ತದೆ. ಅದನ್ನು ಉಜ್ಜಿ ತೆಗೆಯದೆ ಬಣ್ಣ ಬಳಿದುಬಿಟ್ಟರೆ ಅಂಚು ಚಾಕುವಿನಂತೆ ಕೈಯನ್ನು ಕೊಯ್ಯುತ್ತದೆ. ರಂಧ್ರದ ಅಂಚನ್ನೂ ಹೀಗೆಯೇ ದುಂಡಗೆ ಮಾಡದಿದ್ದರೆ ಉಪಕಾರಕ್ಕೆ ಇಟ್ಟದ್ದು ಅಪಕಾರವಾದೀತು. ಇನ್ನೊಂದು ಅಪಾಯವೂ ಉಂಟು. ರಂಧ್ರದಿಂದ ಆಚೆ ಚಾಚಿದ ಬೆರಳು ರಾಡಿನ ಮೇಲೆ ಮೊದಲೇ ಇರುವ ಪ್ಲೇಟಿಗೂ ಈಗ ಏರಿಸುವ ಪ್ಲೇಟಿಗೂ ನಡುವೆ ಸಿಕ್ಕಿ ಜಜ್ಜಿಹೋಗಬಹುದು. ಆದುದರಿಂದ ನಡುವಣ ಭಾಗವನ್ನು ಸ್ವಲ್ಪ ಉಬ್ಬಿಸಿ, ಎರಡು ಪ್ಲೇಟುಗಳ ನಡುವೆ ರಂಧ್ರದ ಬಳಿ ಬೆರಳಿಗೆ ಎಡೆಯಿರುವಂತೆ ರಚಿಸಬೇಕು. ತೂಕದ ಅಂಕಿಯು ದೂರದಿಂದಲೇ ಕಾಣುವಂತೆ ದೊಡ್ಡದಾಗಿರಬೇಕು; 15 ಎಂದು ತಿಳಿದು 20ನ್ನು ಎತ್ತಿದವನ ಸೊಂಟವು ಆ ತಪ್ಪನ್ನು ಬಹುಕಾಲ ಮರೆಯದು.

"ಇಷ್ಟೆಲ್ಲ ನಾಜೂಕು ಏಕೆ? ಕಷ್ಟಪಟ್ಟರೆ ತಾನೆ ಬಲ ಬರುವುದು?" ಎನ್ನುವವರಿದ್ದಾರೆ. ಅವರಿಗೆ ನಾವು ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರನ್ನು ತೋರಿಸುತ್ತೇವೆ. ಅವರು 2018ರಲ್ಲಿ ಗೋಲ್ಡ್ ಕೋಸ್ಟಿನ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕವನ್ನೂ, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನೂ ಗೆದ್ದರು. ಅಂತಹ ಸ್ಪರ್ಧೆಯಲ್ಲಿ ಪ್ಲೇಟುಗಳನ್ನು ಏರಿಸುವವರು, ಇಳಿಸುವವರು ಬೇರೆಯೇ ಇರುತ್ತಾರೆ. ಪ್ಲೇಟುಗಳಿಗೆ ರಬ್ಬರಿನ ಹೊದಿಕೆಯೂ, 25ಕ್ಕೆ ಕೆಂಪು, 20ಕ್ಕೆ ನೀಲಿ, 15ಕ್ಕೆ ಹಳದಿ, 10ಕ್ಕೆ ಹಸುರು ಎಂದು ಬಣ್ಣವೂ ಉಂಟು. ವೀರನ ಬಲವೆಲ್ಲ ಎತ್ತುವುದಕ್ಕೆ ಮೀಸಲು. ಪದಕ ಗೆದ್ದವರಿಗೇ ಇಷ್ಟು ಅನುಕೂಲವಿರುವಾಗ, ಪ್ಲೇಟನ್ನು ತಾನೇ ಹೊತ್ತು ತಂದು ತಾನೇ ಕಳಚಬೇಕಾದ ಹುಡುಗನಿಗೆ ಇನ್ನೂ ಹೆಚ್ಚಿನ ಅನುಕೂಲ ಬೇಡವೇ?

ಇನ್ನೊಂದು ನಿದರ್ಶನ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪುರುಷರ ರಾಡು 20 ಕಿಲೋಗ್ರಾಂ ತೂಕ, 28 ಮಿಲಿಮೀಟರು ದಪ್ಪ. ಮಹಿಳೆಯರದು 15 ಕಿಲೋಗ್ರಾಂ, 25 ಮಿಲಿಮೀಟರು. ಸ್ತ್ರೀಯರ ಕೈ ಬೆಳೆಯಲಿ ಎಂದು ಯಾರೂ ಕಾಯಲಿಲ್ಲ. ರಾಡನ್ನೇ ಕೈಗೆ ತಕ್ಕಂತೆ ಮಾಡಿದರು. 2000ನೆಯ ಇಸವಿಯಲ್ಲಿ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿಯವರು ಕಂಚಿನ ಪದಕವನ್ನು ಪಡೆದು, ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಕೈಗೊಗ್ಗುವ ಸಲಕರಣೆಯು ಬಲವನ್ನು ಕುಗ್ಗಿಸದು; ಹೊಸ ಕೈಗಳನ್ನು ಕಣಕ್ಕೆ ಕರೆಯುತ್ತದೆ. ನಮ್ಮ ಶಾಲೆಯ ಬಾಲಿಕೆಯರೂ ಇದನ್ನು ಗಮನಿಸಲಿ.

ಹಾಗಾದರೆ ಏನು ಮಾಡತಕ್ಕದ್ದು? ಚಂದಾ ಎತ್ತಿ ಸಾಮಾನು ಕೊಳ್ಳುವ ಮಂಡಲಗಳವರು ಕಿಲೋವಿನ ದರವೊಂದನ್ನೇ ನೋಡದೆ, ಹಿಡಿ, ಅಂಚು, ಅಂಕಿ ಈ ಮೂರನ್ನೂ ಪರೀಕ್ಷಿಸಿ ಕೊಳ್ಳಬೇಕು. ಹಳೆಯ ಪ್ಲೇಟುಗಳನ್ನು ಎಸೆಯಬೇಕಾದುದಿಲ್ಲ. ಅಂಚನ್ನು ಅರದಿಂದ ಉಜ್ಜಿಸಿ, ನೆಲದಲ್ಲಿ ಮಲಗಿಸದೆ ಮರದ ಗೂಡಿನಲ್ಲಿ ನಿಲ್ಲಿಸಿದರೆ ಅರ್ಧ ಅಪಾಯ ತಪ್ಪುವುದು. ವಿದ್ಯಾರ್ಥಿಗಳು ದೊಡ್ಡ ಪ್ಲೇಟನ್ನು ಇಬ್ಬರು ಸೇರಿ ಹಿಡಿಯಲಿ, ಕೈಯನ್ನು ಒರಸಿಕೊಳ್ಳಲಿ, ಬರಿಗಾಲಿನಲ್ಲಿ ಹೋಗದಿರಲಿ, ಗೂಟದ ಮೇಲಿರುವ ರಾಡಿನ ಒಂದೇ ಕಡೆಯ ಪ್ಲೇಟುಗಳನ್ನೆಲ್ಲ ಕಳಚದೆ ಎಡಕ್ಕೊಂದು ಬಲಕ್ಕೊಂದು ತೆಗೆಯಲಿ. ಇಲ್ಲವಾದರೆ ರಾಡು ತಕ್ಕಡಿಯಂತೆ ವಾಲಿ ಮಗುಚುವುದು. ಹೆತ್ತವರು ಮಕ್ಕಳನ್ನು ವ್ಯಾಯಾಮಶಾಲೆಗೆ ಹೋಗಬೇಡವೆನ್ನುವ ಮೊದಲು ತಾವೇ ಒಮ್ಮೆ ಅಲ್ಲಿಗೆ ಹೋಗಿ ನೋಡಲಿ.

ಮುಂದೆ ನಿಮ್ಮಲ್ಲಿ ಕೆಲವರು ಲೇಥು ನಡೆಸುವಿರಿ, ಕೆಲವರು ಇಂಜಿನಿಯರುಗಳಾಗುವಿರಿ, ಕೆಲವರು ಅಂಗಡಿಯಲ್ಲಿ ಕುಳಿತು ಸಾಮಾನು ಮಾರುವಿರಿ. ಯಾವ ವಸ್ತುವನ್ನು ಮಾಡಿದರೂ ಮಾರಿದರೂ, ಅದನ್ನು ದಿನವೂ ಹಿಡಿಯಬೇಕಾದವನ ಕೈ ಎಷ್ಟು ದೊಡ್ಡದು, ಎಷ್ಟು ದಣಿದಿದೆ ಎಂಬುದನ್ನು ಮೊದಲು ಯೋಚಿಸಿರಿ. ಕಲಿತ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲವೆಂದು ನಾವು ತಿಳಿದಿದ್ದೇವೆ.