ಕರಿ ಹರಿಯುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಒಂಬತ್ತರ ಸುಮಾರಿಗೆ ತಂಗಿಯ ಮಗನ ಫೋನು ಬಂದಿತು.

“ಮಾಮಾ, ಎದಿ ಭಾಳ ಹೊಡಕೊಳ್ಳಾಕತ್ತೇತಿ. ನಾಳೆ ಓಡೂದು ಬ್ಯಾಡ, ರಾತ್ರಿ ಬಸ್ಸಿಗೇ ವಾಪಸ್ ಬಂದಬಿಡ್ತೇನಿ.”

ಹುಡುಗನು ಚಿಕ್ಕಮಗಳೂರಿನ ಕಡೆಗೆ ಹೋಗಿದ್ದನು. ಅಲ್ಲಿಯ ಕಾಫಿ ತೋಟಗಳ ಏರಿಳಿತಗಳ ನಡುವೆ ‘ಮಲ್ನಾಡ್ ಅಲ್ಟ್ರಾ’ ಎಂಬ ದೂರದ ಓಟ ನಡೆಯುತ್ತದೆ. ಅದರಲ್ಲಿ ಅವನು ಆರಿಸಿಕೊಂಡದ್ದು 50 ಕಿಲೋಮೀಟರು. ನಮ್ಮ ಕುಬಿಹಾಳವೋ ಎರೆಹೊಲದ ಊರು. ಗುಡ್ಡವನ್ನು ಏರಬೇಕೆಂದರೆ ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೇ ಹೋಗಬೇಕು. ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಹತ್ತಿಳಿದು ಅವನು ತಯಾರಾಗಿದ್ದನು. ಹಿಂದಿನ ವರ್ಷ ಅದೇ ಓಟದಲ್ಲಿ ಅರ್ಧಕ್ಕೇ ಕುಸಿದು ಕುಳಿತಿದ್ದನು. ಅಂಜಿಕೆಯನ್ನು ಮರೆಮಾಚಲೆಂದು ಮೊದಲನೆಯ ಏರನ್ನೇ ಗುಂಪಿನೊಡನೆ ಓಡಿ ಹತ್ತಿದ್ದನು. ಇಳಿಜಾರಿನಲ್ಲಿ ತೊಡೆಗಳು ಸೆಟೆದು ನಿಂತವು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದೆನು. ಕಾಲೇಜಿನಲ್ಲಿದ್ದಾಗ ಭಾಷಣ ಸ್ಪರ್ಧೆಗೆ ಒಂದು ತಿಂಗಳು ಸಿದ್ಧನಾಗಿ, ಹೆಸರು ಕೂಗಿದಾಗ ಹಿಂಬಾಗಿಲಿನಿಂದ ಹೊರಟುಬಂದವನು ನಾನು. ಕೈಕಾಲು ನಡುಗುತ್ತಿದ್ದುವು; ಆ ನಡುಕವೇ ನನ್ನ ಅಯೋಗ್ಯತೆಗೆ ಸಾಕ್ಷಿಯೆಂದು ನಂಬಿದೆನು. ನಡುಕವು ಐದು ನಿಮಿಷದಲ್ಲಿ ಹೋಯಿತು. ಹಿಂಬಾಗಿಲಿನ ನೆನಪು ಮಾತ್ರ ಇನ್ನೂ ಹೋಗಿಲ್ಲ.

ವಾಚಕರೇ, ನಮ್ಮ ಕಡೆ ಕಾರಹುಣ್ಣಿಮೆಯ ಸಂಜೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯಲು ಅಗಸೆಗೆ ತರುತ್ತಾರೆ. ಬಿಡುವ ಮುನ್ನ ಎತ್ತು ಮೂಗರಳಿಸುತ್ತದೆ, ಕಾಲು ಕೆದರುತ್ತದೆ. ಅನುಭವಿಯಾದ ರೈತನು ಅದನ್ನು ಬಾರುಕೋಲಿನಿಂದ ಹೊಡೆಯುವುದಿಲ್ಲ, ಹಟ್ಟಿಗೆ ತಿರುಗಿ ಹೊಡೆದುಕೊಂಡೂ ಹೋಗುವುದಿಲ್ಲ. ಕೊರಳು ಸವರುತ್ತ ನಿಲ್ಲುತ್ತಾನೆ. ಓಡಲು ಸಿದ್ಧವಾದ ಮೈಯ ಲಕ್ಷಣ ಅದೆಂದು ಅವನಿಗೆ ಗೊತ್ತು.

ವಿಜ್ಞಾನವೂ ಇದನ್ನೇ ಹೇಳುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ನರು 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಭಯವುಂಟಾದಾಗ ದೇಹವು ಹೋರಾಟಕ್ಕೋ ಓಟಕ್ಕೋ ಹೇಗೆ ಸಜ್ಜಾಗುತ್ತದೆಂಬುದನ್ನು ವಿವರಿಸಿದರು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ. ಜಠರದ ಕಡೆಯ ರಕ್ತವು ಸ್ನಾಯುಗಳತ್ತ ಹರಿಯುತ್ತದೆ. ಹೊಟ್ಟೆ ತೊಳೆಸಿದಂತಾಗುವುದು ಅದರಿಂದಲೇ. 2014ರಲ್ಲಿ ಪ್ರಕಟವಾದ ಆಲಿಸನ್ ವುಡ್ ಬ್ರೂಕ್ಸರ ಪ್ರಯೋಗಗಳು ಇನ್ನೊಂದು ಸ್ವಾರಸ್ಯವನ್ನು ತೋರಿಸಿದವು: ಹಾಡುವ, ಭಾಷಣ ಮಾಡುವ ಮುನ್ನ “ನಾನು ಶಾಂತನಾಗಿದ್ದೇನೆ” ಎಂದುಕೊಂಡವರಿಗಿಂತ “ನನಗೆ ಉತ್ಸಾಹವಾಗಿದೆ” ಎಂದುಕೊಂಡವರೇ ಚೆನ್ನಾಗಿ ನಿರ್ವಹಿಸಿದರು. ಬಡಿಯುವ ಎದೆಯನ್ನು ಸುಮ್ಮನಾಗಿಸುವುದು ಕಷ್ಟ. ಅದಕ್ಕೆ ಬೇರೆ ಹೆಸರಿಡುವುದು ಸುಲಭ.

ಆದರೆ ಬರಿಯ ಹೆಸರಿನಿಂದ ಗುಡ್ಡ ಹತ್ತಲಾಗುವುದಿಲ್ಲ. ಅಂಜಿಕೆಗೆ ಕೆಲಸ ಕೊಡಬೇಕು. ಆ ರಾತ್ರಿ ನಾವಿಬ್ಬರೂ ಕೂಡಿ ಪಟ್ಟಿ ಮಾಡಿದೆವು. ಬಟ್ಟೆ, ಬೂಟು, ನೀರಿನ ಬಾಟಲಿ ಈಗಲೇ ಹೊಂದಿಸಿಡುವುದು. ಬೆಳಿಗ್ಗೆ ರೂಢಿಯ ಆಹಾರವನ್ನೇ ತಿನ್ನುವುದು; ಹೊಸ ರುಚಿಯ ಪ್ರಯೋಗ ಬೇಡ. ನಿದ್ರೆ ಬಾರದಿದ್ದರೆ ಗಡಿಯಾರ ನೋಡದೆ ಸುಮ್ಮನೆ ಒರಗಿರುವುದು. ಒಂದು ರಾತ್ರಿಯ ನಿದ್ರೆ ಕೆಟ್ಟರೆ ತಿಂಗಳುಗಳ ಅಭ್ಯಾಸ ಅಳಿಯುವುದಿಲ್ಲ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನಮಾಡುವುದು. ಕಡಿದಾದ ಏರು ಬಂದರೆ ನಾಚಿಕೆಯಿಲ್ಲದೆ ನಡೆಯುವುದು. ಇಳಿಜಾರಿನಲ್ಲಿ ಸಣ್ಣ ಹೆಜ್ಜೆ, ಕಣ್ಣು ಮೂರು ನಾಲ್ಕು ಮಾರು ಮುಂದೆ. ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕಾದುದರಿಂದ ಏರಿಗಿಂತ ಇಳಿವೇ ಅವುಗಳನ್ನು ಹೆಚ್ಚು ನೋಯಿಸುತ್ತದೆ. 50 ಕಿಲೋಮೀಟರಿನ ಚಿಂತೆ ಬಿಟ್ಟು, ಮುಂದಿನ ನೀರಿನ ತಾಣದ ತನಕದ ಚಿಂತೆಯನ್ನಷ್ಟೇ ಮಾಡುವುದು.

ಕೊನೆಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ನೆನಪು ಮಾಡಿಕೊಟ್ಟೆನು. 1920ರಲ್ಲಿ, ಬೆಲ್ಜಿಯಂ ದೇಶದ ಆಂಟ್‌ವರ್ಪಿನ ಒಲಿಂಪಿಕ್ ಮ್ಯಾರಥಾನಿನಲ್ಲಿ ಅವರು 42.75 ಕಿಲೋಮೀಟರನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಸಮುದ್ರ ದಾಟಿ, ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಜನರ ನಡುವೆ ಗೆರೆಯ ಮೇಲೆ ನಿಂತಾಗ ಅವರ ಎದೆ ಬಡಿದಿರಲಿಲ್ಲವೆಂದು ಯಾರು ಹೇಳಬಲ್ಲರು?

ಮರುದಿನ ಸಂಜೆ ಮತ್ತೆ ಫೋನು ಬಂದಿತು. “ಮಾಮಾ, ಮುಗಿಸಿದ್ನಿ. ಹಿಂದಿನವರೊಳಗ ನಾನೂ ಒಬ್ಬಾಂವ. ಕಾಲಿಗೆ ಇಂಬಳ ಹತ್ಯಾವ.” ನಗುತ್ತಿದ್ದನು.

ಪರೀಕ್ಷೆಯ ಹಿಂದಿನ ರಾತ್ರಿ, ಸಂದರ್ಶನದ ಬೆಳಿಗ್ಗೆ, ನಿಮ್ಮ ಮನೆಯಲ್ಲಿಯೂ ಯಾರಾದರೂ ಹೊರಡಲು ಹಿಂಜರಿಯಬಹುದು. “ಹೆದರಬೇಡ” ಎಂದು ಗದರಬೇಡಿರಿ. ಕೊರಳು ಸವರಿ ಪಕ್ಕದಲ್ಲಿ ನಿಲ್ಲಿರಿ. ಹಿಂಬಾಗಿಲನ್ನು ಮಾತ್ರ ತೋರಿಸಬೇಡಿರಿ.